ಎರಡನೇ ಹೆಜ್ಜೆ ನೋಡಿ: ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ ಲೈನ್‌ಮನ್‌ಗಳನ್ನು ಆರಿಸುವ ಬಗೆ

ಗೋಲ್‌ಪೋಸ್ಟ್‌ನ ಹಿಂದೆ ಒಂದು ಉದ್ದನೆಯ ಕಂಬ ನಿಲ್ಲಿಸಿರುತ್ತಾರೆ, ಗಮನಿಸಿದ್ದೀರಾ? ಅದರ ತುದಿಯಲ್ಲಿ ಕ್ಯಾಮೆರಾ. ಕೆಳಗೆ ಒಂದು ಪುಟ್ಟ ಪರದೆ, ಕ್ಯಾಮೆರಾ ತಿರುಗಿಸಲು ಒಂದು ಹಿಡಿ. ನನ್ನ ಮಗ ಹೈಸ್ಕೂಲ್ ತಂಡ ಸೇರಿದ ವರ್ಷ, ಪೋಷಕರ ಸಭೆಯಲ್ಲಿ ಕೋಚ್ "ಆ ಕ್ಯಾಮೆರಾ ನೋಡಿಕೊಳ್ಳೋಕೆ ಯಾರಾದರೂ ಬರ್ತೀರಾ" ಅಂತ ಕೇಳಿದರು. ನಾನು ಕೈ ಎತ್ತಿದೆ. ಮಗ ಶಾಲೆ ಮುಗಿಸಿ ಹೋದ ಮೇಲೂ ಬಿಡಲಿಲ್ಲ. ಒಟ್ಟು ಏಳು ವರ್ಷ, ಪಂದ್ಯ ಇದ್ದ ಪ್ರತಿ ಶುಕ್ರವಾರ ರಾತ್ರಿ, ಆ ಕಂಬದ ಬುಡದಲ್ಲಿ ನಿಂತಿದ್ದೇನೆ. ಅಕ್ಟೋಬರ್ ಕೊನೆಯ ನಮ್ಮ ಅಯೋವಾ ರಾಜ್ಯದ ಚಳಿ, ಇಲ್ಲಿನ ಕನ್ನಡಿಗರಾದ ನಿಮಗೆ ನಾನು ಹೇಳಬೇಕಿಲ್ಲ.

ಪಕ್ಕದ ಗ್ಯಾಲರಿಯಿಂದ ನೋಡಿದರೆ ಯಾರು ಓಡಿದ, ಎಷ್ಟು ದೂರ ಓಡಿದ ಅಂತ ಕಾಣುತ್ತದೆ. ಗೋಲ್‌ಪೋಸ್ಟ್ ಹಿಂದಿನಿಂದ ನೋಡಿದರೆ ಅವನಿಗೆ ದಾರಿ ಮಾಡಿಕೊಟ್ಟವರು ಯಾರು ಅಂತ ಕಾಣುತ್ತದೆ. ನನಗೆ ಕಂಡದ್ದು ಐದು ಹುಡುಗರ ಬೆನ್ನು, ಸೊಂಟ, ಹಿಮ್ಮಡಿ. ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಹೊಸಬರಿಗಾಗಿ ಎರಡು ಮಾತು. ಇದು ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಚೆಂಡು ಯಾವ ತಂಡದ ಬಳಿ ಇದೆಯೋ ಆ ತಂಡದ 11 ಜನರಲ್ಲಿ ಐವರು ಮುಂದೆ ಸಾಲಾಗಿ ಬಗ್ಗಿ ನಿಲ್ಲುತ್ತಾರೆ. ಅದು ಆಫೆನ್ಸಿವ್ ಲೈನ್, ಆ ಐವರೇ ಲೈನ್‌ಮನ್‌ಗಳು. ನಡುವೆ ಸೆಂಟರ್. ಅವನ ಎರಡು ಪಕ್ಕ ಗಾರ್ಡ್‌ಗಳು. ಎರಡು ತುದಿಗೆ ಟ್ಯಾಕಲ್‌ಗಳು. ಸೆಂಟರ್ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ, ಅದಕ್ಕೆ ಸ್ನ್ಯಾಪ್ ಅನ್ನುತ್ತಾರೆ. ಅಷ್ಟು ಬಿಟ್ಟರೆ ಈ ಐವರ ಕೈಗೆ ಚೆಂಡು ಬರುವುದೇ ಅಪರೂಪ. ಒಂದೋ ಎದುರಿನವರನ್ನು ತಡೆಯಬೇಕು, ಇಲ್ಲ ತಳ್ಳಿ ದಾರಿ ಮಾಡಬೇಕು.

ಐವರಲ್ಲಿ ಎಡ ಟ್ಯಾಕಲ್‌ಗೆ ಬೆಲೆ ಜಾಸ್ತಿ. ಸೆಂಟರ್ ಕೊಟ್ಟ ಚೆಂಡನ್ನು ಪಡೆದು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಬಲಗೈ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ನಿಂತಾಗ ಅವನ ಬೆನ್ನು ಎಡಕ್ಕಿರುತ್ತದೆ. ಆ ಕಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. 1985ರ ನವೆಂಬರ್ 18ರ ರಾತ್ರಿ ಎದುರಾಳಿ ತಂಡದ ಲಾರೆನ್ಸ್ ಟೇಲರ್ ಮೇಲೆ ಬಿದ್ದು ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್ ಅವರ ಕಾಲು ಮುರಿಯಿತು. ಟಿವಿಯಲ್ಲಿ ಇಡೀ ದೇಶ ನೋಡಿತು. ಥೈಸ್‌ಮನ್ ಮತ್ತೆ ಆಡಲೇ ಇಲ್ಲ. ಹಿಂದಿನಿಂದ ಬರುವವನನ್ನು ತಡೆಯುವ ಹುಡುಗ ಯಾಕೆ ಬೇಕು ಅಂತ ಆಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ.

ಈಗ ಕಷ್ಟದ ವಿಷಯ. ಕ್ವಾರ್ಟರ್‌ಬ್ಯಾಕ್ ಎಷ್ಟು ಯಾರ್ಡ್ ಎಸೆದ, ರಿಸೀವರ್ ಎಷ್ಟು ಚೆಂಡು ಹಿಡಿದ, ಲೆಕ್ಕ ಇರುತ್ತದೆ. ಗಾರ್ಡ್‌ಗೆ ಏನಿದೆ? ಏನೂ ಇಲ್ಲ. ಅವನ ಹೆಸರು ಧ್ವನಿವರ್ಧಕದಲ್ಲಿ ಕೇಳಿತು ಅಂದರೆ ಬಹುಪಾಲು ಪೆನಾಲ್ಟಿ ಆಗಿದೆ ಅಂತ ಅರ್ಥ. ಹಾಗಾಗಿ ಇವರನ್ನು ಅಳೆಯಬೇಕಾದರೆ ಕಣ್ಣಿಂದಲೇ ಅಳೆಯಬೇಕು.

ಇನ್ನೊಂದು ಕಷ್ಟ ಇದೆ, ಇದಕ್ಕಿಂತ ದೊಡ್ಡದು. 17 ವರ್ಷದ ಹುಡುಗನನ್ನು ನೋಡಿ 21ಕ್ಕೆ ಅವನು ಏನಾಗುತ್ತಾನೆ ಅಂತ ಹೇಳಬೇಕು. ವೇಗವಾಗಿ ಓಡುವ ಹುಡುಗ 18ಕ್ಕೂ ಓಡುತ್ತಾನೆ. ಲೈನ್‌ನಲ್ಲಿ ಹಾಗಲ್ಲ. 18ರ ಹುಡುಗನ ಎದುರು 22ರ ಗಂಡಸು ನಿಂತಿರುತ್ತಾನೆ. ನಾಲ್ಕು ವರ್ಷ ಕಬ್ಬಿಣ ಎತ್ತಿದ ಮೈ ಅದು. ಹಾಗಾಗಿ ಹೊಸ ಲೈನ್‌ಮನ್‌ಗಳು ಮೊದಲ ವರ್ಷ ಸಾಮಾನ್ಯವಾಗಿ ರೆಡ್‌ಶರ್ಟ್, ಅಂದರೆ ಪಂದ್ಯಕ್ಕೆ ಇಳಿಸುವುದಿಲ್ಲ. ತಂಡದಲ್ಲಿರುತ್ತಾರೆ, ಅಭ್ಯಾಸ ಮಾಡುತ್ತಾರೆ, ತಿನ್ನುತ್ತಾರೆ, ಬೆಳೆಯುತ್ತಾರೆ. ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡಲು ಅವಕಾಶ ಅನ್ನುವ ನಿಯಮ ಈ ಹುಡುಗರಿಗೆ ದೊಡ್ಡ ವರ. 2018ರಿಂದ ರೆಡ್‌ಶರ್ಟ್ ವರ್ಷದಲ್ಲೂ ನಾಲ್ಕು ಪಂದ್ಯದವರೆಗೆ ಆಡಬಹುದು ಅಂತ ಆಯಿತು. ಅದು ಇನ್ನೂ ಒಳ್ಳೆಯದಾಯಿತು.

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ನಮ್ಮ ಗಾದೆ. ಲೈನ್‌ಮನ್ ವಿಷಯದಲ್ಲಿ ಈ ಗಾದೆ ನಿಜವೇ. ಆದರೆ ಮೊಳಕೆಯಲ್ಲಿ ಏನು ನೋಡಬೇಕು ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ. ಎಲ್ಲರ ಕಣ್ಣು ಮೊದಲು ಹೋಗುವುದು ಗಾತ್ರದ ಮೇಲೆ.

ಸ್ಟಾರ್‌ಗಳ ಬಗ್ಗೆ ಹೇಳಿ ಮುಂದೆ ಹೋಗುತ್ತೇನೆ. 247ಸ್ಪೋರ್ಟ್ಸ್, ರೈವಲ್ಸ್ ಇಂಥ ವೆಬ್‌ಸೈಟಿನವರು ಹೈಸ್ಕೂಲ್ ಹುಡುಗರಿಗೆ ಸ್ಟಾರ್ ಕೊಡುತ್ತಾರೆ. 247ಸ್ಪೋರ್ಟ್ಸ್‌ನವರು ಐದು ಸ್ಟಾರ್ ಕೊಡುವುದು ವರ್ಷಕ್ಕೆ ಸುಮಾರು 32 ಜನರಿಗೆ. ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿಗೆ ಸರಿಹೊಂದಲಿ ಅಂತ ಆ ಲೆಕ್ಕ. ಎನ್‌ಎಫ್‌ಎಲ್ ಅಂದರೆ ವೃತ್ತಿಪರ ಲೀಗ್, ಡ್ರಾಫ್ಟ್ ಅಂದರೆ ಅದರ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸುವುದು. ಸ್ಟಾರ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಐದು ಸ್ಟಾರ್ ಹುಡುಗ ಎನ್‌ಎಫ್‌ಎಲ್ ಮುಟ್ಟುವ ಸಾಧ್ಯತೆ ಮೂರು ಸ್ಟಾರ್ ಹುಡುಗನಿಗಿಂತ ತುಂಬಾ ಜಾಸ್ತಿ. ಪೆನೇ ಸೂಯೆಲ್ ಅನ್ನುವ ಟ್ಯಾಕಲ್ ಹೈಸ್ಕೂಲಿನಲ್ಲಿದ್ದಾಗಲೇ ದೊಡ್ಡ ಕಾಲೇಜುಗಳು ಬೆನ್ನು ಹತ್ತಿದ್ದವು. ಆರೆಗಾನ್‌ಗೆ ಹೋದ, ಎರಡನೇ ವರ್ಷವೇ, 2019ರಲ್ಲಿ, ಕಾಲೇಜಿನ ಅತ್ಯುತ್ತಮ ಲೈನ್‌ಮನ್‌ಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ ಗೆದ್ದ. ಎಲ್ಲರಿಗೂ ಕಂಡಿತ್ತು, ಕಂಡದ್ದು ಸರಿಯೂ ಆಯಿತು.

ಆದರೆ 2013ರ ಡ್ರಾಫ್ಟ್ ನೋಡಿ. ಮೊದಲ ನಾಲ್ಕು ಆಯ್ಕೆಯಲ್ಲಿ ಮೂವರು ಟ್ಯಾಕಲ್‌ಗಳು. ಇಡೀ ದೇಶದಲ್ಲಿ ಮೊದಲನೆಯವನಾಗಿ ಆಯ್ಕೆಯಾದವನು ಎರಿಕ್ ಫಿಶರ್. ಹೈಸ್ಕೂಲ್ ಮುಗಿಸಿದಾಗ ಅವನನ್ನು ಕರೆದದ್ದು ಎರಡೇ ಕಾಲೇಜು, ಸೆಂಟ್ರಲ್ ಮಿಷಿಗನ್ ಮತ್ತು ಈಸ್ಟರ್ನ್ ಮಿಷಿಗನ್. ನಾಲ್ಕನೆಯವನು ಲೇನ್ ಜಾನ್ಸನ್. ಟೆಕ್ಸಸ್‌ನ ಕಿಲ್‌ಗೋರ್ ಅನ್ನುವ ಎರಡು ವರ್ಷದ ಕಾಲೇಜಿನಲ್ಲಿ ಅವನು ಆಡಿದ್ದು ಕ್ವಾರ್ಟರ್‌ಬ್ಯಾಕ್ ಆಗಿ! ಆಮೇಲೆ ಓಕ್ಲಹೋಮಾಕ್ಕೆ ಬಂದು ಟೈಟ್ ಎಂಡ್ (ತಡೆಯುವುದು, ಚೆಂಡು ಹಿಡಿಯುವುದು ಎರಡೂ ಮಾಡುವವನು) ಆದ, ಡಿಫೆನ್ಸಿವ್ ಎಂಡ್ (ಅಂಚಿನಿಂದ ನುಗ್ಗುವವನು) ಆದ, ಕೊನೆಗೆ ಟ್ಯಾಕಲ್ ಆದ.

ಇನ್ನೊಂದು ಕಥೆ ನಮ್ಮ ಪಕ್ಕದ ವಿಸ್ಕಾನ್ಸಿನ್‌ನದು. ರಯಾನ್ ರಾಮ್‌ಚಿಕ್ ಹೈಸ್ಕೂಲ್ ಮುಗಿಸಿ ವೆಲ್ಡಿಂಗ್ ಕಲಿಯಲು ಹೊರಟಿದ್ದ. ಆಟ ಸಾಕು ಅನ್ನಿಸಿತ್ತು. ಆಮೇಲೆ ಮನಸ್ಸು ತಿರುಗಿ ಊರಿನ ಸ್ಟೀವನ್ಸ್ ಪಾಯಿಂಟ್ ಕಾಲೇಜಿಗೆ ಸೇರಿದ. ಅದು ಡಿವಿಷನ್ ಮೂರು, ಕಾಲೇಜು ಆಟದ ಕೆಳಗಿನ ದರ್ಜೆ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವ ಪದ್ಧತಿಯೇ ಇಲ್ಲ. ಅಲ್ಲಿಂದ ಮ್ಯಾಡಿಸನ್‌ನ ದೊಡ್ಡ ಯೂನಿವರ್ಸಿಟಿಗೆ ಬಂದ, ನಿಯಮದ ಪ್ರಕಾರ ಒಂದು ವರ್ಷ ಸುಮ್ನೆ ಕೂತ, 2016ರಲ್ಲಿ ಒಂದೇ ಸೀಸನ್ ಆಡಿದ. 2017ರ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ 32ನೇ ಆಯ್ಕೆ. ಅವನಲ್ಲಿ ಏನೋ ಇತ್ತು. ಹೈಸ್ಕೂಲಿನಲ್ಲೂ ಇದ್ದಿರಲೇಬೇಕು, ಅಲ್ವಾ?

ಹಾಗಾದರೆ ನೋಡಬೇಕಾದದ್ದು ಏನು? ನನ್ನನ್ನು ಕೇಳಿದರೆ ಮೊದಲು ಮಂಡಿ. ಕೋಚ್‌ಗಳು ಹುಡುಗರನ್ನು ಎರಡು ಪಂಗಡ ಮಾಡುತ್ತಾರೆ. ಒಬ್ಬ ನೀ ಬೆಂಡರ್, ಇನ್ನೊಬ್ಬ ವೇಸ್ಟ್ ಬೆಂಡರ್. ತಗ್ಗಿ ನಿಲ್ಲು ಅಂದರೆ ಮೊದಲನೆಯವನು ಮಂಡಿ, ಪಾದದ ಗಿಣ್ಣು ಬಗ್ಗಿಸುತ್ತಾನೆ. ಬೆನ್ನು ನೇರ, ಎದೆ ಮುಂದೆ, ತಲೆ ಮೇಲೆ. ಎರಡನೆಯವನು ಸೊಂಟ ಮಡಚುತ್ತಾನೆ. ಬೆನ್ನು ಮೇಜಿನ ಹಾಗೆ ಅಡ್ಡವಾಗುತ್ತದೆ, ತಲೆ ಮುಂದಕ್ಕೆ ಬರುತ್ತದೆ. ಎದುರಿನವನು ಅವನ ಕೈ ಹಿಡಿದು ಸ್ವಲ್ಪ ಎಳೆದರೆ ಸಾಕು, ಮುಗ್ಗರಿಸುತ್ತಾನೆ. ಹೈಸ್ಕೂಲಿನಲ್ಲಿ 300 ಪೌಂಡ್, ಅಂದರೆ 136 ಕೆಜಿ ಇರುವ ವೇಸ್ಟ್ ಬೆಂಡರ್ ಎಲ್ಲರನ್ನೂ ಉರುಳಿಸುತ್ತಾನೆ. ಎದುರಿಗೆ ಇರುವವನು 180 ಪೌಂಡಿನ ಹುಡುಗ, ಇನ್ನೇನಾಗಬೇಕು! ಕಾಲೇಜಿನಲ್ಲಿ ಅದೇ ಹುಡುಗ ನೆಲ ನೋಡುತ್ತಾನೆ.

ಮೈಸೂರಿನಲ್ಲಿ ದಸರಾ ಕುಸ್ತಿ ನೋಡಿದವರು ಇಲ್ಲಿ ಇದ್ದೀರಿ. ನಿಮಗೆ ಇದು ಬೇಗ ಹೊಳೆಯುತ್ತದೆ. ಪೈಲ್ವಾನ ತಗ್ಗಿ ನಿಲ್ಲುವುದು ಸೊಂಟದಿಂದ ಅಲ್ಲ. ತೊಡೆಯಿಂದ, ಮಂಡಿಯಿಂದ. ಅವನ ಸೊಂಟ ಎದುರಾಳಿಯ ಸೊಂಟಕ್ಕಿಂತ ಕೆಳಗಿರಬೇಕು. ಇಲ್ಲಿನ ಲೈನ್ ಕೋಚ್‌ಗಳು ದಿನಕ್ಕೆ ನೂರು ಸಲ ಅದನ್ನೇ ಕೂಗುತ್ತಾರೆ, ಕೆಳಗಿರುವವನೇ ಗೆಲ್ಲುವುದು ಅಂತ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹುಡುಗನಿಗೆ ಕುಕ್ಕರಗಾಲಲ್ಲಿ ಕೂರಲು ಹೇಳಿ. ಹಿಮ್ಮಡಿ ನೆಲ ಬಿಡಬಾರದು. ನಮ್ಮ ಅಜ್ಜಿಯರು ಹಾಗೆ ಕೂತು ಗಂಟೆಗಟ್ಟಲೆ ತರಕಾರಿ ಹೆಚ್ಚುತ್ತಿದ್ದರು. ಕುರ್ಚಿಯಲ್ಲೇ ಬೆಳೆದ ಆರಡಿ ಐದಿಂಚಿನ ಹುಡುಗನಿಗೆ ಇದು ಸುಲಭ ಅಲ್ಲ. ಹಿಮ್ಮಡಿ ಎದ್ದರೆ ಗಿಣ್ಣು ಬಿಗಿ ಇದೆ ಅಂತ ಅರ್ಥ. ಗಿಣ್ಣು ಬಿಗಿ ಇದ್ದರೆ ಮಂಡಿ ಬಗ್ಗುವುದಿಲ್ಲ. ಮಂಡಿ ಬಗ್ಗದಿದ್ದರೆ ಸೊಂಟ ಬಗ್ಗಲೇಬೇಕು. ಬಿಗಿಯನ್ನು ಸ್ವಲ್ಪ ಮಟ್ಟಿಗೆ ಸಡಿಲ ಮಾಡಬಹುದು, ಕಲಿಸಬಹುದು. ಆದರೆ ಹುಟ್ಟಿನಿಂದಲೇ ಸಡಿಲ ಇರುವವನ ಹತ್ತಿರಕ್ಕೆ ಬರುವುದು ಕಷ್ಟ.

ಮಂಡಿ ಆದ ಮೇಲೆ ಹೆಜ್ಜೆ. ಸ್ನ್ಯಾಪ್ ಆದ ತಕ್ಷಣ ಲೈನ್‌ಮನ್ ಒಂದು ಪುಟ್ಟ ಹೆಜ್ಜೆ ಇಡುತ್ತಾನೆ. ಅದು ಎಲ್ಲರಿಗೂ ಬರುತ್ತದೆ. ನೀವು ಎರಡನೇ ಹೆಜ್ಜೆ ನೋಡಿ. ಎದುರಿನವನಿಗೆ ಡಿಕ್ಕಿ ಹೊಡೆಯುವ ಮೊದಲು ಎರಡನೇ ಕಾಲು ನೆಲ ಮುಟ್ಟಿತಾ? ಮುಟ್ಟಿದ್ದರೆ ಅವನ ಇಡೀ ಮೈಯ ಬಲ ಹಿಂದಿರುತ್ತದೆ. ಕಾಲು ಇನ್ನೂ ಗಾಳಿಯಲ್ಲಿದ್ದಾಗ ಡಿಕ್ಕಿ ಆದರೆ ಎಷ್ಟು ಗಟ್ಟಿಗನಾದರೂ ತೂಗಾಡುತ್ತಾನೆ. ಅರ್ಧ ಸೆಕೆಂಡಿನ ಮಾತು. ನನ್ನ ಪರದೆಯಲ್ಲಿ ಒಂದೊಂದೇ ಫ್ರೇಮ್ ತಳ್ಳುತ್ತಾ ನೋಡುತ್ತಿದ್ದೆ. ಒಂದು ಪಂದ್ಯದಲ್ಲಿ ಆರೇಳು ಸಲ ನೋಡಿದರೆ ಸಾಕು, ಹುಡುಗನ ಕಾಲು ಎಂಥದು ಅಂತ ಗೊತ್ತಾಗಿಬಿಡುತ್ತದೆ.

ಟ್ಯಾಕಲ್ ಆದರೆ ಇನ್ನೊಂದು ಇದೆ, ಕಿಕ್ ಸ್ಲೈಡ್. ಹಿಂದಕ್ಕೆ, ಓರೆಯಾಗಿ, ಕಾಲಿಗೆ ಕಾಲು ತಾಗದಂತೆ ಜಾರುವುದು. ಅಂಚಿನಿಂದ ನುಗ್ಗುವವನು ಓಡುತ್ತಾ ಮುಂದಕ್ಕೆ ಬರುತ್ತಾನೆ, ಇವನು ಹಿಂದಕ್ಕೆ ಹೋಗುತ್ತಾ ಅವನಿಗಿಂತ ಮುಂಚೆ ಜಾಗ ಸೇರಬೇಕು. ಎಷ್ಟೋ ಹೈಸ್ಕೂಲುಗಳಲ್ಲಿ ಚೆಂಡು ಎಸೆಯುವುದೇ ಕಡಿಮೆ, ಬರೀ ಓಟ. ಅಂಥ ಶಾಲೆಯ ಟ್ಯಾಕಲ್ ಇಡೀ ವರ್ಷ ಕಿಕ್ ಸ್ಲೈಡ್ ಮಾಡಿರುವುದೇ ಇಲ್ಲ. ಅವನ ವಿಡಿಯೊದಲ್ಲಿ ಅದು ಇರುವುದಿಲ್ಲ. ಅವನನ್ನು ಬೇಸಿಗೆಯ ಕ್ಯಾಂಪಿನಲ್ಲಿ ನೋಡಬೇಕು. ಕ್ಯಾಂಪಿನಲ್ಲಿ ಒಬ್ಬರಿಗೆ ಒಬ್ಬರು ಅಂತ ನಿಲ್ಲಿಸುತ್ತಾರೆ. ಅಲ್ಲಿ ಪಕ್ಕದಲ್ಲಿ ಗಾರ್ಡ್ ಇಲ್ಲ, ಆಸರೆ ಇಲ್ಲ, ನುಗ್ಗುವವನಿಗೆ ಎರಡೂ ಕಡೆ ದಾರಿ ಬಿಚ್ಚಿರುತ್ತದೆ. ಲೈನ್‌ಮನ್ ಸೋಲುವುದು ಸಹಜ. ಸೋತ ಮೇಲೆ ಏನು ಮಾಡಿದ ಅಂತ ನೋಡಿ. ಎರಡನೇ ಸಲ ಅದೇ ಹುಡುಗನ ಎದುರು ತಾನಾಗಿ ಹೋಗಿ ನಿಂತನಾ? ಹೋದ ಸಲ ಒಳಗಿನಿಂದ ಸೋತಿದ್ದನ್ನು ಈ ಸಲ ಮುಚ್ಚಿದನಾ? ಅಂಥವನನ್ನು ನಾನು ಬಿಡುವುದಿಲ್ಲ.

ವಿಡಿಯೊ ವಿಷಯ ಬಂತು. ಈಗ ಹೆಚ್ಚುಕಮ್ಮಿ ಎಲ್ಲ ಹೈಸ್ಕೂಲ್ ತಂಡಗಳ ವಿಡಿಯೊ ಹಡಲ್‌ನಲ್ಲಿ ಇರುತ್ತದೆ. 2006ರಲ್ಲಿ ನೆಬ್ರಾಸ್ಕಾದ ಲಿಂಕನ್‌ನಲ್ಲಿ ಶುರುವಾದ ಕಂಪನಿ ಅದು. ಹುಡುಗರು ತಮ್ಮ ಒಳ್ಳೆಯ ತುಣುಕುಗಳನ್ನು ಜೋಡಿಸಿ ಕಾಲೇಜುಗಳಿಗೆ ಕಳಿಸುತ್ತಾರೆ. ಲೈನ್‌ಮನ್‌ಗಳ ತುಣುಕೆಲ್ಲ ಪ್ಯಾನ್‌ಕೇಕ್, ಅಂದರೆ ಎದುರಿನವನನ್ನು ಅಂಗಾತ ಕೆಡವಿದ್ದು. ನೋಡಲು ಚೆನ್ನ. ನಾನೂ ಎಷ್ಟೋ ಹುಡುಗರಿಗೆ ಮಾಡಿಕೊಟ್ಟಿದ್ದೇನೆ, ಅವರ ತಲೆಯ ಸುತ್ತ ಹಳದಿ ಉಂಗುರ ಹಾಕಿ. ಆದರೆ ಅನುಭವಸ್ಥ ಕೋಚ್ ಕೇಳುವುದೇ ಬೇರೆ. "ಒಂದು ಪೂರ್ತಿ ಪಂದ್ಯ ಕಳಿಸಿ. ನೀವು ಸೋತ ಪಂದ್ಯ ಇದ್ದರೆ ಅದನ್ನೇ ಕಳಿಸಿ. ಗೋಲ್‌ಪೋಸ್ಟ್ ಕಡೆಯದ್ದು ಇದೆಯಾ?" ಅಂತಾರೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ತಂಡ ಮೂವತ್ತು ಅಂಕ ಹಿಂದಿದ್ದಾಗ ಈ ಹುಡುಗ ಶಿಳ್ಳೆ ಊದುವವರೆಗೂ ಆಡಿದನಾ, ಅವರಿಗೆ ಅದು ಬೇಕು.

ಕೈಯ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದರ ಬಗ್ಗೆ ಗಲಾಟೆ ಜಾಸ್ತಿ. ಉದ್ದ ಕೈ ಇದ್ದರೆ ಎದುರಿನವನನ್ನು ದೂರದಲ್ಲೇ ತಡೆಯಬಹುದು. ಟ್ಯಾಕಲ್‌ಗೆ 33 ಇಂಚು ಬೇಕು ಅನ್ನುವುದು ಎನ್‌ಎಫ್‌ಎಲ್‌ನಲ್ಲಿ ಒಂದು ಗೆರೆ ಆಗಿಬಿಟ್ಟಿದೆ. 2025ರಲ್ಲಿ ಎಲ್‌ಎಸ್‌ಯು ಕಾಲೇಜಿನ ಟ್ಯಾಕಲ್ ವಿಲ್ ಕ್ಯಾಂಬೆಲ್ ಕೈ ಅಳೆದಾಗ ಆ ಗೆರೆಗೆ ಸ್ವಲ್ಪ ಸಾಲಲಿಲ್ಲ, ಕೊರತೆ ಅರ್ಧ ಇಂಚೂ ಇಲ್ಲ. ಅಷ್ಟಕ್ಕೇ ತಿಂಗಳುಗಟ್ಟಲೆ ಚರ್ಚೆ. ಕೊನೆಗೆ ನ್ಯೂ ಇಂಗ್ಲೆಂಡ್ ತಂಡ ನಾಲ್ಕನೆಯವನಾಗಿ ತೆಗೆದುಕೊಂಡಿತು. ಕೈಯನ್ನು ಎಲ್ಲಿ ಇಡುತ್ತಾನೆ ಅನ್ನುವುದು ಉದ್ದದಷ್ಟೇ ಮುಖ್ಯ. ಎದುರಿನವನ ಎದೆಯ ಮೇಲೆ, ಒಳಗೆ, ಮೊಣಕೈ ಮೈಗೆ ಹತ್ತಿರ. ತೋಳು ಅಗಲ ಮಾಡಿ ಅಪ್ಪಿಕೊಂಡರೆ ಹೋಲ್ಡಿಂಗ್, ಹತ್ತು ಯಾರ್ಡ್ ಹೋಯಿತು. ಉದ್ದ ಕಲಿಸಲು ಆಗುವುದಿಲ್ಲ. ಜಾಗ ಕಲಿಸಬಹುದು.

ಈಗ ನನಗೆ ತುಂಬಾ ಇಷ್ಟದ ಭಾಗ. ಹುಡುಗ ಬೇರೆ ಯಾವ ಆಟ ಆಡುತ್ತಾನೆ?

ನಮ್ಮ ಅಯೋವಾ ಯೂನಿವರ್ಸಿಟಿ ತಂಡಕ್ಕೆ ಕರ್ಕ್ ಫೆರೆಂಟ್ಸ್ 1999ರಿಂದ ಮುಖ್ಯ ಕೋಚ್. ಅವರು ಮೊದಲಿಗೆ ಲೈನ್ ಕೋಚ್. 1980ರ ದಶಕದಲ್ಲಿ ಇಲ್ಲೇ ಆ ಕೆಲಸ ಮಾಡಿದವರು. ಅವರ ಕಾಲದಲ್ಲಿ ದೊಡ್ಡ ಹೆಸರು ಮಾಡಿದ ಲೈನ್‌ಮನ್‌ಗಳ ಪಟ್ಟಿ ತೆಗೆದು ಹೈಸ್ಕೂಲಿನಲ್ಲಿ ಏನಾಗಿದ್ದರು ನೋಡಿ. ರಾಬರ್ಟ್ ಗ್ಯಾಲರಿ ಟೈಟ್ ಎಂಡ್ ಆಗಿ ಬಂದವನು, 2004ರ ಡ್ರಾಫ್ಟ್‌ನಲ್ಲಿ ಎರಡನೆಯವನು. ಡೆನಿಸನ್ ಊರಿನ ಬ್ರ್ಯಾಂಡನ್ ಶೆರ್ಫ್ ಶಾಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಆಡಿದ್ದ, ಟೆನಿಸ್ ಕೂಡ ಆಡುತ್ತಿದ್ದ. ಆ ಗಾತ್ರದ ಹುಡುಗ ಟೆನಿಸ್ ಕೋರ್ಟಿನಲ್ಲಿ ಅಡ್ಡಡ್ಡ ಓಡುವುದನ್ನು ಕಣ್ಣಮುಂದೆ ತಂದುಕೊಳ್ಳಿ. ಅವನು 2014ರ ಔಟ್‌ಲ್ಯಾಂಡ್ ಟ್ರೋಫಿ ಗೆದ್ದ. ಮಾರ್ಷಲ್ ಯಾಂಡಾ ಎರಡು ವರ್ಷದ ಕಾಲೇಜಿನಿಂದ ಬಂದವನು.

ಮೌಂಟ್ ವರ್ನನ್ ಊರಿನ ಟ್ರಿಸ್ಟನ್ ವರ್ಫ್ಸ್ ಗುಂಡು ಎಸೆತ, ಡಿಸ್ಕಸ್, ಕುಸ್ತಿ ಮೂರರಲ್ಲೂ ರಾಜ್ಯ ಚಾಂಪಿಯನ್. ಹೈಸ್ಕೂಲ್ ಕುಸ್ತಿಯಲ್ಲಿ ಅತಿ ಭಾರದ ವರ್ಗಕ್ಕೂ 285 ಪೌಂಡ್ ಮಿತಿ ಇದೆ. ಅದರೊಳಗೆ ಬರಲು ಅವನು ತೂಕ ಇಳಿಸಿ ಕುಸ್ತಿ ಆಡಿದ. ಆಮೇಲೆ 320 ಪೌಂಡ್ ಇದ್ದಾಗ, 2020ರಲ್ಲಿ ಎನ್‌ಎಫ್‌ಎಲ್‌ನವರ ಪರೀಕ್ಷೆಯಲ್ಲಿ ನಿಂತಲ್ಲಿಂದ 36.5 ಇಂಚು ಮೇಲಕ್ಕೆ ಹಾರಿದ. 145 ಕೆಜಿ ಮೈ, ಮೂರಡಿ ಮೇಲೆ! ಪಕ್ಕದ ಸೋಲನ್ ಊರಿನ ಟೈಲರ್ ಲಿಂಡರ್‌ಬಾಮ್ ಇವನಿಗಿಂತ ಚಿಕ್ಕವನು, ಗಾತ್ರದಲ್ಲೂ ಚಿಕ್ಕವನು. ಇಬ್ಬರೂ ಹೈಸ್ಕೂಲಿನಲ್ಲಿ ಕುಸ್ತಿಗೆ ನಿಂತಾಗ ಒಂದು ಪಂದ್ಯ ಲಿಂಡರ್‌ಬಾಮ್ ಗೆದ್ದ. ಅವನು ಕಾಲೇಜಿಗೆ ಬಂದದ್ದು ಡಿಫೆನ್ಸ್ ಕಡೆ ಆಡಲು. ಸೆಂಟರ್ ಮಾಡಿದರು. 2021ರಲ್ಲಿ ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಅವನದಾಯಿತು. ಆ ಕುಸ್ತಿ ಪಂದ್ಯ ನೋಡಿದ ಕೋಚ್‌ಗೆ ಸ್ಟಾರ್ ಲೆಕ್ಕ ಬೇಕಿತ್ತಾ?

ವಿಸ್ಕಾನ್ಸಿನ್‌ನ ಜೋ ಥಾಮಸ್ ಕೂಡ ಗುಂಡು, ಡಿಸ್ಕಸ್ ಎಸೆಯುತ್ತಿದ್ದವರು. ಎನ್‌ಎಫ್‌ಎಲ್‌ನಲ್ಲಿ ಒಂದೂ ತಪ್ಪಿಸದೆ ಸತತ 10,363 ಸ್ನ್ಯಾಪ್ ಆಡಿದರು. ಗುಂಡು ಎಸೆಯುವವನು ಕಾಲಿನ ಬಲವನ್ನು ಸೊಂಟಕ್ಕೆ, ಸೊಂಟದಿಂದ ಕೈಗೆ ಸಾಗಿಸುತ್ತಾನೆ. ಏಳಡಿ ಅಗಲದ ವೃತ್ತದೊಳಗೆ. ಲೈನ್‌ನಲ್ಲಿ ಮಾಡುವುದೂ ಅದನ್ನೇ.

ಬ್ಯಾಸ್ಕೆಟ್‌ಬಾಲ್ ಬಗ್ಗೆ ಹೇಳಬೇಕಾದರೆ ಒಂದು ಜನವರಿ ರಾತ್ರಿಯ ಮಾತು ಹೇಳಬೇಕು. 2022. ನಮ್ಮ ಶಾಲೆಯ ಒಬ್ಬ ಹುಡುಗ. ಆರಡಿ ಐದಿಂಚು, 228 ಪೌಂಡ್, 103 ಕೆಜಿ. ಲೈನ್‌ಗೆ ತೆಳ್ಳಗೆ. ಸ್ಟಾರ್ ಇಲ್ಲ, ಸ್ಕಾಲರ್‌ಶಿಪ್ ಕರೆ ಇಲ್ಲ. ಅವನು ಹತ್ತನೇ ಕ್ಲಾಸಿನ ವರ್ಷವೇ ಕೊರೋನಾ ಬಂತು. 2020ರ ಮಾರ್ಚ್‌ನಿಂದ 2021ರ ಮೇ ಕೊನೆಯವರೆಗೆ ದೊಡ್ಡ ಕಾಲೇಜಿನ ಕೋಚ್‌ಗಳು ಯಾವ ಹುಡುಗನನ್ನೂ ಎದುರಾಎದುರು ನೋಡುವಂತಿರಲಿಲ್ಲ. ಕ್ಯಾಂಪ್ ಇಲ್ಲ, ಭೇಟಿ ಇಲ್ಲ. ಬರೀ ವಿಡಿಯೊ. ತಡವಾಗಿ ಬೆಳೆಯುವ ಹುಡುಗರಿಗೆ ಆ ಹದಿನೈದು ತಿಂಗಳು ದೊಡ್ಡ ಹೊಡೆತ.

ಆ ರಾತ್ರಿ ಅವನ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಲು ನಮ್ಮ ಶಾಲೆಯ ಜಿಮ್ಮಿಗೆ ಒಂದು ಯೂನಿವರ್ಸಿಟಿಯ ಲೈನ್ ಕೋಚ್ ಬಂದು ಮೂರನೇ ಸಾಲಿನಲ್ಲಿ ಕೂತರು. ನಾನು ಅವರ ಹಿಂದೆಯೇ ಇದ್ದೆ. ಚೆಂಡು ಆ ತುದಿಗೆ ಹೋದರೂ ಅವರ ತಲೆ ತಿರುಗುತ್ತಿರಲಿಲ್ಲ. ಹುಡುಗ ರಕ್ಷಣೆಗೆ ನಿಂತಾಗ ಅವನ ಬೂಟನ್ನೇ ನೋಡುತ್ತಿದ್ದರು. ತನಗಿಂತ ಎಂಟಿಂಚು ಗಿಡ್ಡ ಇರುವ ಎದುರಾಳಿ ಬಲಕ್ಕೆ ಹೋದ, ಎಡಕ್ಕೆ ಹೋದ, ಇವನು ಕಾಲು ದಾಟಿಸದೆ, ಮಂಡಿ ಏರಿಸದೆ, ಎದುರಲ್ಲೇ ಜಾರುತ್ತಾ ಇದ್ದ. ಕೋಚ್ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು ಏನೋ ಬರೆದರು.

ಪಂದ್ಯ ಮುಗಿದ ಮೇಲೆ ಹುಡುಗನ ಕೈ ಕುಲುಕಿದರು. ಕುಲುಕಿದ ಕೈಯನ್ನು ಒಂದು ಗಳಿಗೆ ಬಿಡಲಿಲ್ಲ. ಅಂಗೈ ಎಷ್ಟು ಅಗಲ, ಮಣಿಕಟ್ಟು ಎಷ್ಟು ದಪ್ಪ ಅಂತ ನೋಡುತ್ತಿದ್ದರು. ಅಪ್ಪ ಅಮ್ಮ ಬಂದಿದ್ದಾರಾ ಅಂತ ಕೇಳಿದರು. ಅಮ್ಮ ಬಂದರು, ಹೆಚ್ಚುಕಮ್ಮಿ ಆರಡಿ ಎತ್ತರದ ಹೆಂಗಸು, ಅಗಲ ಭುಜ. ಕೋಚ್ ಮುಖ ಅರಳಿತು. ಮೂಳೆ ದೊಡ್ಡದಿದೆ, ಭುಜ ಸೊಂಟ ಅಗಲ ಇದೆ, ಮಾಂಸ ಇನ್ನೂ ಬಂದಿಲ್ಲ. ಇನ್ನೂ 70 ಪೌಂಡ್ ಹೊರುವ ಚೌಕಟ್ಟು ಅದು. ಹದಿನಾರಕ್ಕೇ 310 ತುಂಬಿರುವ ಹುಡುಗನಲ್ಲಿ ಎಷ್ಟೋ ಸಲ ಬೆಳೆಯಲು ಜಾಗವೇ ಉಳಿದಿರುವುದಿಲ್ಲ.

ಇಲ್ಲಿ ಒಂದು ವಿಷಯ ಬಿಡದೆ ಹೇಳಬೇಕು. ತೂಕ ಏರಿಸುವುದು ಅಂದರೆ ತಮಾಷೆ ಅಲ್ಲ. ಈ ಹುಡುಗ ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು ಹಾಲು, ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಅಂತ ಅವರಮ್ಮ ನನಗೆ ಹೇಳಿದರು. ಹೈಸ್ಕೂಲಿನಲ್ಲೇ ಹುಡುಗರಿಗೆ "ತಿನ್ನು, ದಪ್ಪ ಆಗು, ಆಗ ಕಾಲೇಜು ನೋಡುತ್ತೆ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುಮ್ನೆ ಕೊಬ್ಬು ತುಂಬಿದರೆ ಮಂಡಿ ಹೋಗುತ್ತದೆ, ಕಾಲು ನಿಧಾನ ಆಗುತ್ತದೆ, ಉಸಿರು ಕಟ್ಟುತ್ತದೆ. ಕಾಲೇಜಿನಲ್ಲಿ ಅದಕ್ಕೆ ವೈದ್ಯರು, ಆಹಾರ ತಜ್ಞರು ಇರುತ್ತಾರೆ. ಅಲ್ಲಿ ಏರಿಸಲಿ. ಆಟ ಬಿಟ್ಟ ಮೇಲೆ ಜೋ ಥಾಮಸ್ ಸುಮಾರು 50 ಪೌಂಡ್ ಇಳಿಸಿದರು. ಆ ಮೈ ಆಟಕ್ಕಾಗಿ ಹೊತ್ತ ಮೈ, ಬದುಕಿಗೆ ಬೇಕಾದ ಮೈ ಅಲ್ಲ ಅಂತ ಅವರಿಗೆ ಗೊತ್ತಿತ್ತು.

ತಲೆಯ ಬಗ್ಗೆಯೂ ಹೇಳುತ್ತೇನೆ. ಸ್ನ್ಯಾಪ್‌ಗೆ ಮುಂಚೆ ಸೆಂಟರ್ ಬೆರಳು ತೋರಿಸಿ ಏನೋ ಕೂಗುತ್ತಾನೆ, ನೋಡಿರುತ್ತೀರಿ. ಎದುರಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಯಾರು, ಯಾರು ಯಾರನ್ನು ತಡೆಯಬೇಕು ಅಂತ ಹಂಚುವುದು ಅದು. ಐವರೂ ಒಂದೇ ರೀತಿ ಅರ್ಥ ಮಾಡಿಕೊಳ್ಳಬೇಕು. ನಾಲ್ವರು ಸರಿ ಮಾಡಿ ಒಬ್ಬ ತಪ್ಪಿದರೂ ಕ್ವಾರ್ಟರ್‌ಬ್ಯಾಕ್ ನೆಲದ ಮೇಲೆ. ಹಾಗಾಗಿ ಕಾಲೇಜು ಕೋಚ್‌ಗಳು ಹುಡುಗನನ್ನು ಬೋರ್ಡಿನ ಮುಂದೆ ನಿಲ್ಲಿಸಿ "ನಿಮ್ಮ ತಂಡದ ಒಂದು ಆಟ ಬಿಡಿಸು, ಪಕ್ಕದವನ ಕೆಲಸ ಏನು ಹೇಳು" ಅಂತ ಕೇಳುತ್ತಾರೆ. ತನ್ನ ಕೆಲಸ ಎಲ್ಲರೂ ಹೇಳುತ್ತಾರೆ. ಪಕ್ಕದವನ ಕೆಲಸ ಹೇಳುವವನು ಬೇಕು.

ಇಡೀ ಲೈನ್‌ಗೆ ಒಟ್ಟಾಗಿ ಕೊಡುವ ಒಂದು ಪ್ರಶಸ್ತಿ ಇದೆ, ಜೋ ಮೂರ್ ಪ್ರಶಸ್ತಿ. 2015ರಲ್ಲಿ ಶುರುವಾಯಿತು. ಮೊದಲ ವರ್ಷ ಅಲಬಾಮಾ, ಮರುವರ್ಷ ನಮ್ಮ ಅಯೋವಾ. 2021, 2022 ಎರಡೂ ವರ್ಷ ಮಿಷಿಗನ್. 2024ರಲ್ಲಿ ಯಾರು ಗೆದ್ದರು ಗೊತ್ತಾ? ಆರ್ಮಿ. ವೆಸ್ಟ್ ಪಾಯಿಂಟ್‌ನ ಸೈನಿಕ ಅಕಾಡೆಮಿ. ಓದು ಮುಗಿದ ಮೇಲೆ ಸೈನ್ಯದಲ್ಲಿ ದುಡಿಯಲೇಬೇಕಾದ ಹುಡುಗರು. ದೊಡ್ಡ ಸ್ಟಾರ್ ಇರುವವರು ಅಲ್ಲಿಗೆ ಹೋಗುವುದಿಲ್ಲ. ಆ ವರ್ಷ ಅವರು 12 ಪಂದ್ಯ ಗೆದ್ದರು. ಅವರ ಲೈನ್ ವಿಡಿಯೊ ಸಿಕ್ಕರೆ ಗೋಲ್‌ಪೋಸ್ಟ್ ಕಡೆಯಿಂದ ನೋಡಿ. ಐದು ಜನ ಒಂದೇ ಕ್ಷಣಕ್ಕೆ ಎದ್ದು, ಒಂದೇ ಎತ್ತರದಲ್ಲಿ, ಒಂದೇ ಕಡೆ ಹೋಗುವುದನ್ನು ನೋಡಲು ಎರಡು ಕಣ್ಣು ಸಾಲದು.

ನನ್ನ ಮಗನ ಬಗ್ಗೆ ಇಲ್ಲಿ ಒಬ್ಬರು ಕೇಳಿದರು. ಅವನು ಗಾರ್ಡ್ ಆಡಿದ. ಐದಡಿ ಹತ್ತಿಂಚು. ಕಾಲು ಚೆನ್ನಾಗಿತ್ತು, ತಲೆ ಚೆನ್ನಾಗಿತ್ತು, ಎತ್ತರ ಮತ್ತು ಕೈ ಸಾಲಲಿಲ್ಲ. ದೊಡ್ಡ ಕಾಲೇಜು ಯಾವುದೂ ಅವನನ್ನು ಕೇಳಲಿಲ್ಲ, ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ನಾಲ್ಕು ವರ್ಷ ಅವನು ತುಂಬಾ ಖುಷಿಯಾಗಿ ಆಡಿದ. ನಮ್ಮವರ ಮಕ್ಕಳು ಈ ಆಟಕ್ಕೆ ಬಂದರೆ ತಡೆಯಬೇಡಿ. ಆದರೆ ತಲೆಗೆ ಪೆಟ್ಟು ಬಿದ್ದಾಗ ಮುಚ್ಚಿಡದೆ ಹೇಳು ಅಂತ ಮೊದಲ ದಿನವೇ ಹೇಳಿಕೊಡಿ.

ಈಗಿನ ಬದಲಾವಣೆ ನನಗೆ ಚಿಂತೆ ತಂದಿದೆ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಕಾಲೇಜು ಬದಲಿಸಲು ಬಯಸುವ ಹುಡುಗರ ಹೆಸರು ಸೇರಿಸುವ ಪಟ್ಟಿ ಅದು. 2021ರಿಂದ ಹುಡುಗರು ವರ್ಷ ಕಾಯದೆ ಕಾಲೇಜು ಬದಲಿಸಬಹುದು. ಅದೇ ವರ್ಷ ಜುಲೈನಿಂದ ತಮ್ಮ ಹೆಸರಿಂದ ದುಡ್ಡು ಮಾಡಬಹುದು. ಹುಡುಗರಿಗೆ ದುಡ್ಡು ಬರುವುದು ನ್ಯಾಯವೇ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಕೋಚ್ ಈಗ ಏನು ಯೋಚಿಸುತ್ತಾನೆ? 228 ಪೌಂಡಿನ ಹುಡುಗನಿಗೆ ಮೂರು ವರ್ಷ ಅನ್ನ ಹಾಕಿ ಬೆಳೆಸುವ ಬದಲು, ಬೇರೆಲ್ಲೋ ಬೆಳೆದು ನಿಂತ 22 ವರ್ಷದ ಟ್ಯಾಕಲ್‌ನನ್ನೇ ತರೋಣ ಅನ್ನುತ್ತಾನೆ. ನನ್ನ ಪ್ರಕಾರ ಸಣ್ಣ ಊರಿನ, ತಡವಾಗಿ ಬೆಳೆಯುವ ಹುಡುಗನ ಜಾಗವೇ ಇದರಲ್ಲಿ ಮೊದಲು ಹೋಗುವುದು. 2025ರಿಂದ ಸ್ಕಾಲರ್‌ಶಿಪ್‌ಗೆ 85ರ ಮಿತಿ ಹೋಗಿ, ಅದರ ಬದಲು ಇಡೀ ತಂಡಕ್ಕೇ 105 ಜನರ ಮಿತಿ ಬಂತು. ಸ್ಕಾಲರ್‌ಶಿಪ್ ಇಲ್ಲದೆ, ಕೈಯಿಂದ ಫೀಸು ಕಟ್ಟಿ ತಂಡ ಸೇರುವ ವಾಕ್ ಆನ್ ಹುಡುಗರಿಗೆ ಇದು ಕತ್ತಿ. ಜೇಸನ್ ಕೆಲ್ಸಿ ಸಿನ್ಸಿನಾಟಿಗೆ ಬಂದದ್ದು ವಾಕ್ ಆನ್ ಆಗಿಯೇ. ಲೈನ್‌ಮನ್ ಆಗಿಯೂ ಅಲ್ಲ. ಆಮೇಲೆ ಫಿಲಡೆಲ್ಫಿಯಾದಲ್ಲಿ 13 ವರ್ಷ ಸೆಂಟರ್. ಇವತ್ತಿನ ಲೆಕ್ಕದಲ್ಲಿ ಆ 105ರೊಳಗೆ ಅವನು ಇರುತ್ತಿದ್ದನಾ?

ನಮ್ಮ ಜಿಮ್ಮಿನ ಹುಡುಗನೂ ವಾಕ್ ಆನ್ ಆಗಿಯೇ ಹೋದ. ಆ ಕೋಚ್ ಸ್ಕಾಲರ್‌ಶಿಪ್ ಕೊಡಲಿಲ್ಲ, ಜಾಗ ಕೊಟ್ಟರು. ಮೊದಲ ವರ್ಷ ರೆಡ್‌ಶರ್ಟ್. ಎರಡನೇ ವರ್ಷ ಎದುರಾಳಿ ತಂಡದ ವೇಷ ಹಾಕಿ ಅಭ್ಯಾಸದಲ್ಲಿ ಏಟು ತಿಂದ. ಮೂರನೇ ವರ್ಷ ಬರೀ ಫೀಲ್ಡ್ ಗೋಲ್ ಒದೆಯುವಾಗ ಮಾತ್ರ ಮೈದಾನಕ್ಕೆ. 2025ರ ವಸಂತದಲ್ಲಿ 105ರ ಮಾತು ಬಂದಾಗ ಅವರಮ್ಮ ದಿನಾ ಫೋನ್ ಮಾಡುತ್ತಿದ್ದರು. ಹೆಸರು ಉಳಿಯಿತು. ಈಗ ಅವನು 301 ಪೌಂಡ್. ಎರಡು ವಾರದ ಹಿಂದೆ ಎಡ ಟ್ಯಾಕಲ್ ಹುಡುಗನ ಗಿಣ್ಣು ತಿರುಚಿ, ಎರಡನೇ ಕ್ವಾರ್ಟರ್‌ನಲ್ಲಿ ಇವನನ್ನು ಇಳಿಸಿದರು. ನಾನು ಸೋಫಾದಿಂದ ಎದ್ದು ಟಿವಿ ಹತ್ತಿರ ಹೋಗಿ ನಿಂತೆ. ಮೊದಲ ಸ್ನ್ಯಾಪ್. ಟಿವಿಯವರು ಪಕ್ಕದ ಕ್ಯಾಮೆರಾದಲ್ಲಿ ತೋರಿಸುತ್ತಿದ್ದರು, ಅರ್ಧವೂ ಕಾಣಲಿಲ್ಲ. ಆದರೂ ನೋಡಿದೆ. ಎರಡನೇ ಕಾಲು ನೆಲ ಮುಟ್ಟಿತ್ತು.